ಬೇರೆಯವರ ಮನೆಯನ್ನು ಟಿವಿಯಲ್ಲಿ ನೋಡುವ ಚಟ ಯಾರಿಗೆಲ್ಲ ಉಂಟು?

ನೀರ್ಚಾಲು ಅಕ್ಕ:
ನನಗೆ ಹೊಸ ಮನೆ ಕಟ್ಟುವ ಯೋಚನೆ ಇಲ್ಲ. ಜಾಗ ತೆಗೆದುಕೊಳ್ಳುವಷ್ಟು ದುಡ್ಡೂ ಇಲ್ಲ. ಆದರೂ ಮನೆ, ಇಂಟೀರಿಯರ್, ಜಾಗದ ವ್ಯಾಪಾರ ಅಂತ ಯಾವ ಕಾರ್ಯಕ್ರಮ ಬಂದರೂ ರಿಮೋಟ್ ಬೇರೆಯವರಿಗೆ ಕೊಡುವುದಿಲ್ಲ. ಮನೋರಮಾ ನ್ಯೂಸ್‌ನ ‘ವೀಡು’, ಯೂಟ್ಯೂಬಿನ ಮಲಯಾಳಂ ಹೋಮ್ ಟೂರ್‌ಗಳು, ಬ್ರಿಟನ್ನಿನ ‘ಗ್ರ್ಯಾಂಡ್ ಡಿಸೈನ್ಸ್’, ಅಮೆರಿಕದ ‘ಹೌಸ್ ಹಂಟರ್ಸ್’, ಎಲ್ಲವೂ ಆಗುತ್ತದೆ. “ಎಂತ, ಇಂಗ್ಲೆಂಡಿನಲ್ಲಿ ಜಾಗ ನೋಡ್ತಾ ಇದ್ದೀಯಾ?” ಅಂತ ಮನೆಯವರು ಕೇಳುತ್ತಾರೆ.

ನನ್ನ ಮಟ್ಟಿಗೆ ಇದರ ನಿಜವಾದ ಮಜಾ ಇರುವುದು ಮನೆ ಕಟ್ಟದವರಿಗೆ. ಕಟ್ಟುವವರಿಗೆ ಬರೀ ತಲೆಬಿಸಿ. ನಮಗೆ ಸಾಲ ಇಲ್ಲ, ಮೇಸ್ತ್ರಿಯನ್ನು ಕಾಯುವ ಕೆಲಸ ಇಲ್ಲ, ಸುಮ್ನೆ ಕೂತು “ಈ ಬಣ್ಣ ಯಾರು ಹೇಳಿದ್ದು ಇವರಿಗೆ” ಅಂತ ತೀರ್ಪು ಕೊಡಬಹುದು.

ಇನ್ನೊಂದು ಉಂಟು. ಕ್ಯಾಮೆರಾ ಸೋಫಾ ತೋರಿಸುವಾಗ ನಾನು ಮೂಲೆ ನೋಡುತ್ತೇನೆ. ಹಿಡಿಸೂಡಿ ಎಲ್ಲಿ ಇಟ್ಟಿದ್ದಾರೆ? ಗ್ಯಾಸ್ ಸಿಲಿಂಡರ್ ಎಲ್ಲಿ? ಜೂನ್ ತಿಂಗಳಲ್ಲಿ ಒದ್ದೆ ಬಟ್ಟೆ ಎಲ್ಲಿ ಹಾಕುತ್ತಾರೆ? ಎರಡಾಳು ಎತ್ತರದ ಆ ಗಾಜನ್ನು ಒರೆಸುವುದು ಯಾರು? ಇದಕ್ಕೆ ಉತ್ತರ ಸಿಗುವ ಎಪಿಸೋಡು ತುಂಬ ಕಡಿಮೆ. ಸಿಕ್ಕಿದರೆ ಆ ಮನೆಯ ಯಜಮಾನಿಯ ಮೇಲೆ ನನಗೆ ಗೌರವ ಬರುತ್ತದೆ.

ನೀವು ಯಾವುದು ನೋಡುತ್ತೀರಿ? ಯಾಕೆ?

ಕುಂಬಳೆ ಕಡಲು:
ಅಕ್ಕ, ನಾನು ‘ಗ್ರ್ಯಾಂಡ್ ಡಿಸೈನ್ಸ್’ ಪಾರ್ಟಿ. 1999ರಿಂದ ಚಾನೆಲ್ 4ರಲ್ಲಿ ನಡೆಯುತ್ತಿದೆ, ನಿರೂಪಕ ಕೆವಿನ್ ಮೆಕ್‌ಕ್ಲೌಡ್. ಅದರ ಕಥೆ ಯಾವಾಗಲೂ ಒಂದೇ. ಗಂಡ ಹೆಂಡತಿ ಒಂದು ಹಾಳು ಜಾಗ ಹಿಡಿಯುತ್ತಾರೆ. ಬಜೆಟ್ ಹೇಳುತ್ತಾರೆ. ಕೆವಿನ್ ಹುಬ್ಬು ಏರಿಸುತ್ತಾರೆ. ಎಂಜಿನಿಯರ್ ಬೇಡ, ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಮಳೆ ಬರುತ್ತದೆ. ಕಿಟಕಿಯ ಗಾಜು ಬರುವುದಿಲ್ಲ, ಬಂದರೂ ಅಳತೆ ತಪ್ಪಿರುತ್ತದೆ. ದುಡ್ಡು ಮುಗಿಯುತ್ತದೆ. ಇದರ ಮಧ್ಯೆ ಹೆಂಡತಿ ಬಸುರಿ. ಕೊನೆಗೆ ಹೇಗೋ ಮನೆ ನಿಲ್ಲುತ್ತದೆ, ಕೆವಿನ್ ಒಳ್ಳೆಯ ಮಾತು ಹೇಳಿ ಹೊರಡುತ್ತಾರೆ.

ಯಕ್ಷಗಾನದ ಹಾಗೆಯೇ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನವರೆಗೆ ಕೂರುತ್ತೇವಲ್ಲ. ಪ್ರಸಂಗ ಗೊತ್ತು, ಇವತ್ತಿನ ಅಭಿಮನ್ಯು ಹೇಗೆ ಚಕ್ರವ್ಯೂಹಕ್ಕೆ ನುಗ್ಗುತ್ತಾನೆ ಅಂತ ನೋಡುವುದು.

ಒಂದು ಮಾತ್ರ ನೋಡಿ ನನಗೆ ನಿದ್ದೆ ಬರಲಿಲ್ಲ. 2019ರಲ್ಲಿ ಬಂದದ್ದು. ಡೆವನ್ನಿನ ಸಮುದ್ರದ ದಂಡೆಯ ಮೇಲೆ ಲೈಟ್‌ಹೌಸ್ ಆಕಾರದ ಮನೆ. ವರ್ಷಗಟ್ಟಲೆ ಎಳೆಯಿತು. ಸಾಲ ಮಿಲಿಯಗಟ್ಟಲೆ ಪೌಂಡಿಗೆ ಹೋಯಿತು, ಮದುವೆಯೂ ಮುರಿಯಿತು. ಎಪಿಸೋಡು ಮುಗಿದಾಗ ಮನೆ ಕಾಂಕ್ರೀಟಿನ ಗೂಡಾಗಿ ಗಾಳಿಗೆ ನಿಂತಿತ್ತು. ಅದನ್ನು ತಮಾಷೆ ಅಂತ ನೋಡಲು ನನ್ನಿಂದ ಆಗಲಿಲ್ಲ.

ಸೈಟ್ ಎಂಜಿನಿಯರ್, ಕಾಸರಗೋಡು:
ನೀವೆಲ್ಲ ಮಜಾ ತೆಗೆದುಕೊಳ್ಳಿ. ಮರುದಿನ ಬೆಳಿಗ್ಗೆ ಸ್ಕ್ರೀನ್‌ಶಾಟ್ ಬರುವುದು ನನ್ನ ವಾಟ್ಸಾಪಿಗೆ.

ಮೊದಲನೇ ತಲೆಬಿಸಿ: ಚಪ್ಪಟೆ ಮಾಡಿನ ಬಿಳಿ ಪೆಟ್ಟಿಗೆ ಮನೆ. ಟಿವಿಯಲ್ಲಿ ಚಂದ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಜಾಸ್ತಿ ಸುರಿಯುತ್ತದೆ, ವರ್ಷಕ್ಕೆ 3,500ರ ಹತ್ತಿರ. ಮಾಡಿಗೆ ಚಾಚು ಇಲ್ಲದಿದ್ದರೆ ಮಳೆ ನೇರ ಗೋಡೆಗೆ ಹೊಡೆಯುತ್ತದೆ. ಮೊದಲ ಮಳೆಗಾಲ ಮುಗಿಯುವಾಗ ಬಿಳಿ ಗೋಡೆಯ ಮೇಲೆ ಕಪ್ಪು ಪಾಚಿ. ಎರಡನೇ ಮಳೆಗಾಲಕ್ಕೆ ಟೆರೇಸಿನ ಮೂಲೆಯಲ್ಲಿ ಸೋರಿಕೆ. ಮೂರನೆಯದಕ್ಕೆ ಕಬ್ಬಿಣದ ಟ್ರಸ್ ಕೊಟ್ಟು ಮೇಲೆ ಶೀಟು. ಅಲ್ಲಿಗೆ ಪೆಟ್ಟಿಗೆಯ ಚಂದ ಮುಗಿಯಿತು. ಅಡಿಕೆ ಒಣಗಿಸಲು ಜಾಗ ಆಯಿತು ಅನ್ನುವುದೊಂದೇ ಸಮಾಧಾನ.

ಎರಡನೆಯದು: ‘ಪ್ರಾಪರ್ಟಿ ಬ್ರದರ್ಸ್’. ಕೆನಡಾದ ಅವಳಿಗಳು, 2011ರಲ್ಲಿ ಶುರುವಾದದ್ದು. ಒಬ್ಬ ಮನೆ ಕೊಡಿಸುತ್ತಾನೆ, ಇನ್ನೊಬ್ಬ ಒಡೆದು ಕಟ್ಟುತ್ತಾನೆ. ಯಾವ ಮನೆಗೆ ಹೋದರೂ ದೊಡ್ಡ ಸುತ್ತಿಗೆ ಹಿಡಿದು ಗೋಡೆ ಒಡೆಯುವುದೇ. ಅಲ್ಲಿನ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಬಡಿದದ್ದು. ಒದ್ದರೂ ತೂತಾಗುತ್ತದೆ. ನಮ್ಮದು ಎಂಟೊಂಬತ್ತು ಇಂಚಿನ ಕೆಂಪುಕಲ್ಲಿನ ಗೋಡೆ. ಹೆಚ್ಚಿನ ಮನೆಗಳಲ್ಲಿ ಕಂಬ ಇಲ್ಲ, ಮೇಲಿನ ಇಡೀ ಭಾರ ಗೋಡೆಯ ಮೇಲೆಯೇ. ಅಲ್ಲಿನ ಪ್ರೋಗ್ರಾಂ ನೋಡಿ ಇಲ್ಲಿ ಸುತ್ತಿಗೆ ಎತ್ತಿದರೆ ಸ್ಲಾಬು ತಲೆಯ ಮೇಲೆ ಬರುತ್ತದೆ.

ಬಾಯಾರು ಬೈಲು:
ಸರ್, ಸರಿಯಾದ ಹೊತ್ತಿಗೆ ಹೇಳಿದಿರಿ. ನಮ್ಮದು ಅಜ್ಜ ಕಟ್ಟಿಸಿದ ಕೆಂಪುಕಲ್ಲಿನ ಮನೆ, ಆಮೇಲೆ ಅರ್ಧಕ್ಕೆ ಸ್ಲಾಬು ಹಾಕಿದ್ದು. ಚಾವಡಿಗೂ ಅಡುಗೆಮನೆಗೂ ಮಧ್ಯೆ ಇರುವ ಗೋಡೆ ತೆಗೆದು ಓಪನ್ ಕಿಚನ್ ಮಾಡಬೇಕು ಅಂತ ತಂಗಿ ಹಟ ಹಿಡಿದಿದ್ದಾಳೆ. ಅವಳೂ ಅದೇ ಅಣ್ಣತಮ್ಮಂದಿರ ಭಕ್ತೆ. ಆಗುವುದಿಲ್ಲವಾ?

ಕುಂಬಳೆ ಕಡಲು:
ಬಾಯಾರಿನವರು ಗುಡ್ಡೆಯ ಹೊಟ್ಟೆಗೆ ಸುರಂಗ ತೋಡಿ ನೀರು ತಂದ ಜನ. ಒಂದು ಗೋಡೆ ನಿಮಗೆ ಲೆಕ್ಕವಾ ಮಾರಾಯ್ರೆ 😀

ಸೈಟ್ ಎಂಜಿನಿಯರ್, ಕಾಸರಗೋಡು:
ಸುರಂಗದ ಮೇಲೆ ಸ್ಲಾಬು ಇರುವುದಿಲ್ಲ. ತಮ್ಮ, ಆ ಗೋಡೆಯ ನೇರ ಮೇಲೆ ಎಂತ ಉಂಟು ಅಂತ ಮೊದಲು ನೋಡಿ ಹೇಳು. ಅಲ್ಲಿವರೆಗೆ ತಂಗಿಯ ಕೈಗೆ ಸುತ್ತಿಗೆ ಕೊಡಬೇಡ.

ಪೆರ್ಲದ ಸೊಸೆ:
ನನಗೆ ಅಡುಗೆಮನೆ ಎಪಿಸೋಡುಗಳೇ ಇಷ್ಟ. ಮಲಯಾಳಂ ಹೋಮ್ ಟೂರಿನಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಮೊದಲು ಹೊಳೆಯುವ ಕಿಚನ್. ಕಪಾಟಿನ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ, ಚಿಮಣಿ, ನಡುವೆ ಕಲ್ಲಿನ ಕಟ್ಟೆ, ಅದರ ಮೇಲೆ ಹಣ್ಣಿನ ಬುಟ್ಟಿ. ಅದರ ಹಿಂದೆ ಒಂದು ಬಾಗಿಲು. ನಿರೂಪಕಿ ಆ ಬಾಗಿಲಿನ ಹತ್ತಿರ ಬಂದಾಗ ಸ್ವರ ಸಣ್ಣ ಮಾಡಿ “ಇದು ವರ್ಕ್ ಏರಿಯಾ” ಅಂತ ಹೇಳಿ ಮೂರು ಸೆಕೆಂಡಿನಲ್ಲಿ ಮುಗಿಸುತ್ತಾಳೆ. ನಿಜವಾದ ಅಡುಗೆ ನಡೆಯುವುದು ಅಲ್ಲಿ! ಕಟ್ಟಿಗೆ ಒಲೆ, ಗ್ರೈಂಡರ್, ಮೀನು ಕೊಯ್ಯುವವರಿಗೆ ಮೀನಿನ ಜಾಗ, ತೆಂಗಿನಕಾಯಿ ಹೆರೆಯುವ ಮಣೆ ಎಲ್ಲ ಅಲ್ಲಿ. ಮುಂದಿನದ್ದು ಚಾ ಕಾಯಿಸಲು ಮತ್ತು ನೆಂಟರಿಗೆ ತೋರಿಸಲು.

ಆ ಬಿಳಿ ಕಲ್ಲಿನ ಕಟ್ಟೆಯ ಮೇಲೆ ಒಬ್ಬರಾದರೂ ಹಲಸಿನ ಹಣ್ಣು ಬಿಡಿಸಿದ್ದನ್ನು ತೋರಿಸಲಿ. ಮೇಣ ಒಮ್ಮೆ ಹಿಡಿಯಿತೆಂದರೆ ಇಂಟೀರಿಯರ್ ಡಿಸೈನರ್ ಅಳಬೇಕು. ನಾವು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿ, ನೆಲಕ್ಕೆ ಗೋಣಿ ಹಾಸಿ, ಹಿಂದಿನ ಜಗಲಿಯಲ್ಲಿ ಕೂರುವುದು. ಓಪನ್ ಕಿಚನ್ ಬೇಕೆನ್ನುವ ತಂಗಿಗೆ ಇದನ್ನು ಕೇಳಿ ನೋಡಿ, ಬಾಯಾರಿನವರೇ. ಸೊಳೆ ಬಿಡಿಸುವುದು ಯಾರು, ಎಲ್ಲಿ ಅಂತ.

ನೀರ್ಚಾಲು ಅಕ್ಕ:
“ಸ್ವರ ಸಣ್ಣ ಮಾಡಿ”! ಸರಿಯಾಗಿ ಹಿಡಿದಿರಿ. ನಾನು ಆ ಮೂರು ಸೆಕೆಂಡಿಗೆ ಪಾಸ್ ಒತ್ತಿ ನೋಡುವವಳು.

ಉಪ್ಪಳ ಟು ಶಾರ್ಜಾ:
ಅಕ್ಕ, ಇಲ್ಲಿ ರೂಮಿನಲ್ಲಿ ನಾವು ಆರು ಜನ. ಎಲ್ಲರಿಗೂ ಊರಲ್ಲಿ ಮನೆ ಕಟ್ಟುವ ಕನಸು, ಹಾಗಾಗಿ ಈ ಪ್ರೋಗ್ರಾಂಗಳಿಗೆ ಕ್ರಿಕೆಟ್ಟಿಗಿಂತ ಜಾಸ್ತಿ ಮಾರ್ಕೆಟ್. ಮನೆ ಕಟ್ಟದವರಿಗೆ ಮಾತ್ರ ಮಜಾ ಅಂತ ನೀವು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಕಟ್ಟಲು ಇನ್ನೂ ಹತ್ತು ವರ್ಷ ಇರುವವರಿಗೆ ಎಲ್ಲರಿಗಿಂತ ಜಾಸ್ತಿ ಮಜಾ.

ನನಗೆ ಇಷ್ಟವಾದದ್ದು ಬಿಬಿಸಿಯ ‘ಹೋಮ್ಸ್ ಅಂಡರ್ ದ ಹ್ಯಾಮರ್’. 2003ರಿಂದ ಬರುತ್ತಿದೆ. ಹರಾಜಿನಲ್ಲಿ ಹಳೇ ಮನೆ ಹಿಡಿಯುವುದು, ರಿಪೇರಿ ಮಾಡುವುದು, ಆಮೇಲೆ ಏಜೆಂಟರು ಬಂದು ಈಗ ಎಷ್ಟಕ್ಕೆ ಹೋದೀತು ಅಂತ ಹೇಳುವುದು. ಹರಾಜಿನ ಬೆಲೆ, ರಿಪೇರಿಯ ಖರ್ಚು, ಬಾಡಿಗೆ ಎಷ್ಟು ಬರಬಹುದು, ಎಲ್ಲ ಬಾಯಿಬಿಟ್ಟು ಹೇಳುತ್ತಾರೆ. ನಮ್ಮೂರಲ್ಲಿ ಜಾಗಕ್ಕೆ ಸೆಂಟಿಗೆ ಎಷ್ಟು ಕೊಟ್ಟಿ ಅಂತ ಕೇಳಿದರೆ ಸ್ವಂತ ಭಾವನೂ ಸರಿ ಹೇಳುವುದಿಲ್ಲ. ಕೆಲವರು ಮನೆಯನ್ನು ಕಣ್ಣಿನಲ್ಲಿ ನೋಡದೆಯೇ ಹರಾಜು ಕೂಗುತ್ತಾರೆ, ಆಮೇಲೆ ಒಳಗೆ ಹೋಗಿ ನೋಡಿದರೆ ಮಾಡೇ ಇಲ್ಲ. ಆ ಮುಖ ನೋಡಬೇಕು.

ಮಲಯಾಳಂ ಟೂರಿನಲ್ಲೂ ಕೊನೆಗೆ ಖರ್ಚು ಹೇಳುತ್ತಾರೆ. ಅದರ ಕೆಳಗೆ ಕಾಮೆಂಟಿನಲ್ಲಿ ಯುದ್ಧ. “ಇಷ್ಟರಲ್ಲಿ ಮನೆಯ ಪಂಚಾಂಗ (ಅಡಿಪಾಯ) ಕೂಡ ಏಳುವುದಿಲ್ಲ” ಅಂತ ಒಬ್ಬ, “ನಮ್ಮ ಜಿಲ್ಲೆಗೆ ಬಾ, ಕಟ್ಟಿ ತೋರಿಸ್ತೇನೆ” ಅಂತ ಇನ್ನೊಬ್ಬ. ಪ್ರೋಗ್ರಾಂಗಿಂತ ಅದೇ ಚಂದ.

ಆದರೆ ಜಾಗದ ಬೆಲೆ ಮತ್ತು ಕಟ್ಟಡದ ಖರ್ಚಿಗೆ ಲೆಕ್ಕ ನಿಲ್ಲಿಸುತ್ತಾರೆ. ಕೇರಳದಲ್ಲಿ ಜಾಗದ ಆಧಾರ (ಕ್ರಯಪತ್ರ) ಮಾಡಿಸುವಾಗ ಸ್ಟ್ಯಾಂಪ್ ಡ್ಯೂಟಿ 8 ಶೇಕಡಾ, ರಿಜಿಸ್ಟ್ರೇಶನ್ 2 ಶೇಕಡಾ. ಹತ್ತರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಮನೆ 278.7 ಚದರ ಮೀಟರ್, ಅಂದರೆ 3,000 ಚದರಡಿ ದಾಟಿದರೆ ವರ್ಷ ವರ್ಷ ಬೇರೆ ತೆರಿಗೆ. ಜನ ಲಕ್ಷುರಿ ಟ್ಯಾಕ್ಸ್ ಅಂತಲೇ ಹೇಳುವುದು. ಅದಕ್ಕೆ ಹೆದರಿ ನಮ್ಮ ರೂಮಿನ ಒಬ್ಬ ಪ್ಲಾನಿನಿಂದ ಒಂದು ಬಾಲ್ಕನಿಯನ್ನೇ ಕತ್ತರಿಸಿದ್ದಾನೆ.

ಅಡ್ಡಮಾತು:
ಎಲ್ಲ ನಾಟಕ. ‘ಹೌಸ್ ಹಂಟರ್ಸ್’ನಲ್ಲಿ ಮೂರು ಮನೆ ತೋರಿಸಿ ಒಂದನ್ನು ಆರಿಸುತ್ತಾರಲ್ಲ, ಅಲ್ಲಿ ಬರುವವರು ಮೊದಲೇ ಮನೆ ತೆಗೆದುಕೊಂಡಿರುತ್ತಾರೆ. ಹಾಗೆ ಬಂದ ಒಬ್ಬರೇ 2012ರಲ್ಲಿ ಇದನ್ನು ಹೇಳಿದ್ದು. ಉಳಿದ ಎರಡು ಮನೆ ಲೆಕ್ಕಕ್ಕೆ. ಸುಳ್ಳು ಅಂತ ಗೊತ್ತಿದ್ದೂ ನೋಡುವ ನಿಮಗೆ ಏನನ್ನಬೇಕು?

ನೀರ್ಚಾಲು ಅಕ್ಕ:
ಗೊತ್ತಿದ್ದೇ ನೋಡುವುದು. ಅವರು ಆರಿಸಿದ ಮನೆ ಯಾವುದಾದರೆ ನನಗೇನು? ಮೂರರಲ್ಲಿ ನಾನು ಯಾವುದು ಆರಿಸುತ್ತಿದ್ದೆ ಅನ್ನುವುದು ಆಟ. ನಾನೂ ಮನೆಯವರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ಇಬ್ಬರದ್ದೂ ಒಂದೇ ಬಂದದ್ದು ಅಪರೂಪ. ಅವರು ಬಾವಿ, ತೋಟದ ಜಾಗ ನೋಡುತ್ತಾರೆ. ನಾನು ಅಡುಗೆಮನೆಗೆ ಬೆಳಕು ಯಾವ ಕಡೆಯಿಂದ ಅಂತ.

ಮಂಜೇಶ್ವರದ ಮಾಸ್ಟ್ರು:
ನಿವೃತ್ತಿಯಾದ ಮೇಲೆ ನಾನೂ ಇದಕ್ಕೆ ಬಿದ್ದವನು, ಸುಳ್ಳು ಹೇಳುವುದಿಲ್ಲ. ಆದರೆ ಕೇರಳದಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡಿದ ಮನೆ ಕಾರ್ಯಕ್ರಮ ಬೇರೆಯೇ ಒಂದು. 2020ರ ಜನವರಿ 11 ಮತ್ತು 12, ಕೊಚ್ಚಿಯ ಮರಡು. ಕರಾವಳಿ ನಿಯಮ ಮೀರಿ ಕಟ್ಟಿದ್ದಾರೆ ಅಂತ ಸುಪ್ರೀಂ ಕೋರ್ಟು ಹೇಳಿದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಬೀಳಿಸಿದ್ದು. ಎಲ್ಲ ಚಾನೆಲ್ಲಿನಲ್ಲಿ ಲೈವ್. ಸೈರನ್ ಆಯಿತು, ಕೆಲವೇ ಸೆಕೆಂಡಿನಲ್ಲಿ ಹತ್ತಿಪ್ಪತ್ತು ಮಾಳಿಗೆ ಧೂಳು. ನಮ್ಮ ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿದರು. ಆ ಫ್ಲ್ಯಾಟಿಗೆ ಜೀವಮಾನದ ದುಡ್ಡು ಹಾಕಿದವರು ಅದನ್ನೇ ಟಿವಿಯಲ್ಲಿ ನೋಡುತ್ತಿದ್ದರು ಅನ್ನುವುದು ಚಪ್ಪಾಳೆಯ ಮಧ್ಯೆ ಯಾರಿಗೂ ಹೊಳೆಯಲಿಲ್ಲ.

ಅವತ್ತಿನಿಂದ ನನಗೆ ಒಂದು ಅಭ್ಯಾಸ. ಎಷ್ಟು ಚಂದದ ಮನೆ ತೋರಿಸಿದರೂ, ಕಾಗದಪತ್ರ ಎಲ್ಲಿ ಅಂತ ಕೇಳುತ್ತೇನೆ. ಮೇಲೆ ಹೇಳಿದ ಹರಾಜಿನ ಕಾರ್ಯಕ್ರಮದಲ್ಲಿ ಮಾತ್ರ ನಿರೂಪಕರು “ಮೊದಲು ಕಾನೂನು ದಾಖಲೆ ಓದಿ” ಅಂತ ಮತ್ತೆ ಮತ್ತೆ ಹೇಳುತ್ತಾರೆ. ಉಳಿದವರಿಗೆ ಪರದೆಯ ಬಣ್ಣವೇ ಮುಖ್ಯ.

ನಮ್ಮ ಪರಿಚಯದ ಒಂದು ಹುಡುಗ ಫೋನಿನಲ್ಲಿ ಬಂದ ವಿಡಿಯೋ ನೋಡಿ ಜಾಗಕ್ಕೆ ಅಡ್ವಾನ್ಸ್ ಕೊಟ್ಟ. ಹಸಿರು, ತೋಡಿನ ಬದಿ, ಡ್ರೋನಿನಲ್ಲಿ ತೆಗೆದ ಚಿತ್ರ. ದಾಖಲೆ ತೆಗೆಸಿದಾಗ ‘ನಿಲಂ’, ಅಂದರೆ ಗದ್ದೆ. ಡಾಟಾ ಬ್ಯಾಂಕಿನಲ್ಲೂ, ಅಂದರೆ ಸರಕಾರದ ಗದ್ದೆಗಳ ಪಟ್ಟಿಯಲ್ಲೂ, ಸೇರಿದೆ. 2008ರ ಗದ್ದೆ ಸಂರಕ್ಷಣೆಯ ಕಾಯ್ದೆ ಬಂದ ಮೇಲೆ ಅಂಥ ಜಾಗ ತುಂಬಿಸಿ ಮನೆ ಕಟ್ಟುವುದು ಸುಲಭ ಇಲ್ಲ. ಬೇರೆ ಜಾಗವೇ ಇಲ್ಲದ ಗದ್ದೆಯ ಯಜಮಾನನಿಗೆ ಪಂಚಾಯತಿನಲ್ಲಿ 10 ಸೆಂಟಿನವರೆಗೆ ವಿನಾಯಿತಿ ಉಂಟು, ಅದಕ್ಕೂ ಸಮಿತಿ, ಅರ್ಜಿ. ದಲ್ಲಾಳಿ ಇದೊಂದನ್ನೂ ಹೇಳಿರಲಿಲ್ಲ. ಕಾಗದ ಮಲಯಾಳದಲ್ಲಿ ಇತ್ತು, ಹುಡುಗನಿಗೆ ಓದಲು ಬರುವುದಿಲ್ಲ. ಮಾತಾಡಲು ಬರುತ್ತದೆ, ಟಿವಿ ನೋಡಲು ಬರುತ್ತದೆ, ಓದಲು ಇಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಇಂಥವರು ಇನ್ನೂ ಇದ್ದಾರೆ.

ಉಪ್ಪಳ ಟು ಶಾರ್ಜಾ:
ಮಾಸ್ಟ್ರೇ, ಅಡ್ವಾನ್ಸ್ ವಾಪಸ್ ಸಿಕ್ಕಿತಾ?

ಮಂಜೇಶ್ವರದ ಮಾಸ್ಟ್ರು:
ಅರ್ಧ. ಉಳಿದದ್ದಕ್ಕೆ ಇನ್ನೂ ಓಡಾಟ.

ನಿರ್ವಾಹಕರು:
ದಲ್ಲಾಳಿ, ಕಂಟ್ರಾಕ್ಟರ್ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಎರಡು ಕಾಮೆಂಟು ತೆಗೆದಿದ್ದೇವೆ. ಚರ್ಚೆ ನಡೆಯಲಿ.

ಆಚಾರಿ ಮಗ, ಮುಳ್ಳೇರಿಯ:
ನಾನು ಮರದ ಕೆಲಸದವನು. ನಾನು ನೋಡುವುದು ಕೈ. ಯಾರ ಕೈ ಕೆಲಸ ಮಾಡಿದ್ದು ಅಂತ. ಹೆಚ್ಚಿನ ಕಾರ್ಯಕ್ರಮದಲ್ಲಿ ಕೆಲಸಗಾರರು ವೇಗವಾಗಿ ಓಡಿಸಿದ ದೃಶ್ಯದಲ್ಲಿ ಇರುವೆಯ ಹಾಗೆ ಓಡಿ ಮಾಯ. ದಾರಂದ ಇಟ್ಟದ್ದು ಯಾರು, ಸಾರಣೆ ಮಾಡಿದ್ದು ಯಾರು, ಒಂದು ಹೆಸರಿಲ್ಲ. ಡಿಸೈನರ್ ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿ.

‘ಗ್ರ್ಯಾಂಡ್ ಡಿಸೈನ್ಸ್’ನಲ್ಲಿ ನನಗೆ ಮರೆಯಲಾಗದ್ದು 2003ರ ಬೆನ್ ಲಾ ಮನೆ. ಇಂಗ್ಲೆಂಡಿನ ಸಸೆಕ್ಸಿನ ಕಾಡಿನಲ್ಲಿ ಇದ್ದುಕೊಂಡು ಅಲ್ಲಿನದೇ ಚೆಸ್ಟ್‌ನಟ್ ಮರ ಕಡಿದು, ಸ್ನೇಹಿತರನ್ನು ಸೇರಿಸಿಕೊಂಡು ಚೌಕಟ್ಟು ಎತ್ತಿದ್ದು. ಗೋಡೆಗೆ ಒಣಹುಲ್ಲಿನ ಕಟ್ಟು. ಕೆವಿನ್‌ಗೂ ತುಂಬ ಮೆಚ್ಚಿಕೆಯ ಮನೆ ಅದು. ಅಪ್ಪನಿಗೆ ತೋರಿಸಿದೆ. ಇಂಗ್ಲಿಷ್ ಒಂದಕ್ಷರ ಬಾರದ ಅಪ್ಪ ಕೀಲು ಕೂರಿಸುವುದನ್ನು ನೋಡಿ “ಸರಿ ಉಂಟು” ಅಂದರು. ಅಪ್ಪನ ಬಾಯಲ್ಲಿ ಅದು ದೊಡ್ಡ ಮಾತು.

ನಮ್ಮಲ್ಲಿಯೂ ಅಷ್ಟೇ ಅಲ್ವಾ? ಕಲ್ಲು ಹತ್ತಿರದ ಪಣೆಯಿಂದ (ಕಲ್ಲಿನ ಕೋರೆಯಿಂದ). ತೆಗೆಯುವಾಗ ಮೆತ್ತಗೆ, ಗಾಳಿಗೆ ನಿಂತಷ್ಟು ಗಟ್ಟಿ. ಮರ ತೋಟದ ಹಲಸು, ಹೆಬ್ಬಲಸು. ಮಾಡಿಗೆ ಮೊದಲು ಮುಳಿಹುಲ್ಲು, ಮಡಲು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನಕ್ಕೆ ಹಂಚು. ಪಕ್ಕಾಸು, ರೀಪು, ಒಳಗೆ ಮರದ ಮುಚ್ಚಿಗೆ. ಹಂಚು ಒಡೆದರೆ ಒಂದನ್ನು ತೆಗೆದು ಇನ್ನೊಂದು ಇಟ್ಟರಾಯಿತು, ಇಡೀ ಮಾಡು ತೆಗೆಯಬೇಕಾಗಿಲ್ಲ.

ಈಗ ಬೇಸರ ಎಂತ ಗೊತ್ತುಂಟಾ? ಆ ಮುಚ್ಚಿಗೆ, ಕೆತ್ತನೆಯ ಕಂಬ, ಬಾಗಿಲುಗಳನ್ನು ಪಾಲಾದ ಮನೆಯವರು ಕೆಡವಿ ಗುಜರಿಯ ರೇಟಿಗೆ ಕೊಡುತ್ತಾರೆ. ಅದೇ ಬಾಗಿಲು ಒಂದು ವರ್ಷ ಕಳೆದು ಟಿವಿಯಲ್ಲಿ ಯಾರದ್ದೋ ವಿಲ್ಲಾದ ಗೋಡೆಯಲ್ಲಿ “ಆಂಟಿಕ್” ಆಗಿ ಕಾಣುತ್ತದೆ. ಬಾಗಿಲು ಅಲ್ಲ, ಅಲಂಕಾರ. ತೆರೆದರೆ ಹಿಂದೆ ಗೋಡೆ.

ಪೆರ್ಲದ ಸೊಸೆ:
ಅಣ್ಣ, ಈಗ ಎಲ್ಲರಿಗೂ ಆತ್ತಂಗುಡಿ ಟೈಲ್ಸ್ ಹುಚ್ಚು. ತಮಿಳುನಾಡಿನ ಚೆಟ್ಟಿನಾಡಿನದ್ದು. ಗಾಜಿನ ಮೇಲೆ ಬಣ್ಣ ಹೊಯ್ದು ಕೈಯಲ್ಲಿ ಮಾಡುವುದು, ಸುಡುವುದಿಲ್ಲ, ನೀರಿನಲ್ಲಿ ಇಟ್ಟು ಗಟ್ಟಿ ಮಾಡುವುದು. ನೋಡಲು ಚಂದವೇ. ಆದರೆ ನಮ್ಮ ಮನೆಯ ಕಾವಿ ನೆಲ ಒಡೆದು ಅದನ್ನು ಹಾಕುವ ಮಾತು ಬಂದಾಗ ಅತ್ತೆ ಬಿಡಲಿಲ್ಲ. ನಾನು ಅತ್ತೆಯ ಕಡೆ. ಮದುವೆಯಾದ ಮೇಲೆ ನಾವಿಬ್ಬರು ಒಂದು ಕಡೆ ನಿಂತದ್ದು ಇದೊಂದರಲ್ಲೇ ಇರಬೇಕು.

ಸೈಟ್ ಎಂಜಿನಿಯರ್, ಕಾಸರಗೋಡು:
ಒಳ್ಳೆಯದನ್ನೂ ಹೇಳುತ್ತೇನೆ. ಈ ಕಾರ್ಯಕ್ರಮಗಳಿಂದ ವಾಸ್ತುಶಿಲ್ಪಿ ಲಾರಿ ಬೇಕರ್ ಹೆಸರು ಮತ್ತೆ ಜನರ ಬಾಯಿಗೆ ಬಂತು. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ಅಲ್ಲೇ ತೀರಿಕೊಂಡವರು. ಇಟ್ಟಿಗೆಯನ್ನು ಮಗ್ಗುಲು ನಿಲ್ಲಿಸಿ ಮಧ್ಯೆ ಪೊಳ್ಳು ಬಿಡುವ ರ್‍ಯಾಟ್ ಟ್ರ್ಯಾಪ್ ಗೋಡೆ ಅವರಿಂದ ಇಲ್ಲಿ ಹೆಸರಾದದ್ದು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನಿಂದ ಸೆಕೆಯೂ ಕಡಿಮೆ. ಹಾಗೆಯೇ ಫಿಲ್ಲರ್ ಸ್ಲಾಬು. ಸ್ಲಾಬಿನ ಕೆಳಭಾಗದಲ್ಲಿ ಕಾಂಕ್ರೀಟಿಗೆ ದೊಡ್ಡ ಕೆಲಸ ಇಲ್ಲ. ಅಲ್ಲಿ ಹಳೇ ಮಂಗಳೂರು ಹಂಚು ಇಟ್ಟರೆ ಸಿಮೆಂಟು, ಕಬ್ಬಿಣ ಉಳಿಯುತ್ತದೆ. ಕೆಳಗಿಂದ ನೋಡಲು ಹಂಚಿನ ಸಾಲು ಚಂದ. ಮೊದಲು ಇದನ್ನು ಹೇಳಿದರೆ “ಬಡವರ ಮನೆ” ಅಂತ ಮುಖ ತಿರುಗಿಸುತ್ತಿದ್ದರು. ಟಿವಿಯಲ್ಲಿ ಡಾಕ್ಟರೊಬ್ಬರ ಮನೆಗೆ ಹಾಕಿದ್ದು ನೋಡಿದ ಮೇಲೆ ಅವರೇ ಕೇಳಿಕೊಂಡು ಬರುತ್ತಾರೆ. ಆಗಲಿ, ನನಗೇನು.

ಕುಂಬಳೆ ಕಡಲು:
ಚಾ ಅಂಗಡಿಯಲ್ಲಿ ಹೇಳಿದ್ದು ಗೊಣಗಾಟ, ಟಿವಿಯಲ್ಲಿ ಹೇಳಿದ್ದು ಡಿಸೈನ್.

ಅಡ್ಡಮಾತು:
ಒಪ್ಪಿದೆ, ನಾನೂ ಒಂದು ನೋಡುತ್ತೇನೆ. ಬಿಬಿಸಿಯ ಹಳೇ ‘ಚೇಂಜಿಂಗ್ ರೂಮ್ಸ್’. ಅಕ್ಕಪಕ್ಕದ ಮನೆಯವರು ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಾಯಿಸುವುದು. ಒಮ್ಮೆ ಒಬ್ಬ ಹೆಂಗಸು ಪ್ರೀತಿಯಿಂದ ಸೇರಿಸಿದ್ದ ಚಾ ಕೆಟಲುಗಳನ್ನು ತೂಗಾಡುವ ಶೆಲ್ಫಿನಲ್ಲಿ ಇಟ್ಟರು. ರಾತ್ರಿ ಶೆಲ್ಫು ಕುಸಿದು ಎಲ್ಲ ಪುಡಿ. ಅದನ್ನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ನೀರ್ಚಾಲು ಅಕ್ಕ:
ನೋಡಿ, ಬಂದಿರಿ ದಾರಿಗೆ!

ಮಾಸ್ಟ್ರು ಹೇಳಿದ್ದು ಓದಿದ ಮೇಲೆ ಸ್ವಲ್ಪ ಯೋಚನೆ ಮಾಡಿದೆ. ಹೌದು, ನಮ್ಮ ಮಜಾ ಬೇರೆಯವರ ಸಾಲದ ಮೇಲೆ ನಿಂತದ್ದು. ಆದರೂ ನಾನು ಬಿಡುವುದಿಲ್ಲ. ಧಾರಾವಾಹಿಯಲ್ಲಿ ಅತ್ತೆ ಸೊಸೆ ವಿಷ ಹಾಕುವುದನ್ನು ನೋಡುವ ಬದಲು, ಒಂದು ಗೋಡೆ ಯಾಕೆ ಅಲ್ಲಿ ಇದೆ ಅಂತ ನೋಡುವುದು ನನಗೆ ಹಿತ. ನಮ್ಮ ಕಡೆಯ ಚಾವಡಿ, ಪಡಿಪ್ಪಿರೆ (ಮಾಡಿರುವ ಹೆಬ್ಬಾಗಿಲು), ಉಪ್ಪರಿಗೆ, ಅಡಿಕೆ ಅಂಗಳ ಇವನ್ನೆಲ್ಲ ಕನ್ನಡದಲ್ಲಿ ಹೀಗೆ ನಿಧಾನವಾಗಿ ಯಾರಾದರೂ ತೋರಿಸಲಿ ಅಂತ ಆಸೆ. ವರ್ಕ್ ಏರಿಯಾಕ್ಕೆ ಕನಿಷ್ಠ ಹತ್ತು ನಿಮಿಷ ಕೊಡಬೇಕು.

ಬಾಯಾರು ಬೈಲು:
ಸರ್, ನೋಡಿದೆ. ಗೋಡೆಯ ನೇರ ಮೇಲೆ ಉಪ್ಪರಿಗೆಯ ಗೋಡೆ ಉಂಟು. ಅದರ ಮೇಲೆ ನೀರಿನ ಟ್ಯಾಂಕ್. ಮೇಸ್ತ್ರಿಯನ್ನೂ ಕರೆಸಿದೆ. ಅವರು ಗೋಡೆಗೆ ಎರಡು ಸಲ ತಟ್ಟಿ, ಚಾ ಕುಡಿದು, “ನನ್ನಿಂದ ಆಗದು, ಬೇರೆಯವರನ್ನು ಹುಡುಕಿ” ಅಂತ ಹೋದರು.

ಸೈಟ್ ಎಂಜಿನಿಯರ್, ಕಾಸರಗೋಡು:
ಒಳ್ಳೆಯ ಮೇಸ್ತ್ರಿ, ಬಿಡಬೇಡ ಅವರನ್ನು. ಇಡೀ ಗೋಡೆ ತೆಗೆಯುವ ಮಾತು ಬಿಟ್ಟುಬಿಡಿ. ಬೇಕಾದರೆ ಮಧ್ಯದಲ್ಲಿ ಮೂರೂವರೆ ಅಡಿ ಅಗಲದ ಒಂದು ಕಿಟಕಿ ಬಿಡಿಸಬಹುದು. ಮೊದಲು ಎರಡೂ ಬದಿಯಿಂದ ಮೇಲಿನ ಭಾರಕ್ಕೆ ಆಧಾರದ ಮರ ಕೊಡಬೇಕು. ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೆ ಕಾಂಕ್ರೀಟ್ ಲಿಂಟಲ್. ಅದು ಆಚೆ ಈಚೆ ಗೋಡೆಯ ಮೇಲೆ ಎಂಟು ಇಂಚಾದರೂ ಕೂತಿರಬೇಕು. ಲಿಂಟಲ್ ಗಟ್ಟಿಯಾದ ಮೇಲೆ ಮಾತ್ರ ಕೆಳಗಿನ ಕಲ್ಲು ತೆಗೆಯುವುದು. ಶುರು ಮಾಡುವ ಮೊದಲು ಒಮ್ಮೆ ನಾನು ಬಂದು ನೋಡುತ್ತೇನೆ, ಬರೀ ಇಲ್ಲಿ ಓದಿ ಮಾಡಬೇಡಿ.

ಬಾಯಾರು ಬೈಲು:
ಕಿಟಕಿ ಅಂದದ್ದಕ್ಕೆ ತಂಗಿ ಮುಖ ಊದಿಸಿದಳು. ಅಮ್ಮನಿಗೆ ಮಾತ್ರ ಭಾರೀ ಖುಷಿ. ಕಿಟಕಿಯಿಂದ ಚಾವಡಿಯ ಟಿವಿ ಕಾಣುತ್ತದೆ, ತರಕಾರಿ ಕೊರೆಯುತ್ತಾ ‘ವೀಡು’ ನೋಡಬಹುದು ಅಂತ. ಈಗ ಟಿವಿಯನ್ನು ಯಾವ ಗೋಡೆಗೆ ಹಾಕಬೇಕು ಅಂತ ಹೊಸ ಜಗಳ ಶುರುವಾಗಿದೆ.

ಪೆರ್ಲದ ಸೊಸೆ:
ಟಿವಿ ಎಲ್ಲಿ ಬೇಕಾದರೂ ಹಾಕಿ. ಆ ಕಿಟಕಿಗೆ ಮುಚ್ಚುವ ಬಾಗಿಲು ಇಡಿಸಿ. ಇಲ್ಲದಿದ್ದರೆ ಮೆಣಸಿನ ಒಗ್ಗರಣೆ ಹಾಕಿದ ದಿನ ಚಾವಡಿಯಲ್ಲಿ ಕೂತ ನೆಂಟರೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡುತ್ತಾರೆ.

ಆಚಾರಿ ಮಗ, ಮುಳ್ಳೇರಿಯ:
ಬಾಗಿಲು ಜಾರುವ ಹಾಗೆ ಮಾಡಿ, ಜಾಗ ಉಳಿಯುತ್ತದೆ. ಹಲಸಿನ ಹಲಗೆ ಮನೆಯಲ್ಲಿ ಇದ್ದರೆ ಪ್ಲೈವುಡ್ ತರಬೇಡಿ.